ಮೌಲಾನಾ ಯಾರ ಶಾಗಿರ್ದ್?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಸೌಹಾರ್ದದ ಬಗ್ಗೆ ಮಾತಾಡಲು ನಮ್ಮನ್ನು ಕರೆದಿದ್ದರು. ಇಂಥ ಕರೆ ಬಂದಾಗ ನಮ್ಮ ಜೋಳಿಗೆಯಲ್ಲಿ ಸದಾ ಸಿದ್ಧವಿರುವ ಹೆಸರುಗಳು ಕೆಲವಿವೆ. ಶಿಶುನಾಳ ಶರೀಫರು, ಬಾಬಾಬುಡನ್‌ಗಿರಿ, ಬಿಸ್ಮಿಲ್ಲಾ ಖಾನ್. ಅಂದು ಯಾಕೋ ಆ ಪಟ್ಟಿಗೆ ಶೇಖ್ ಚಿನ್ನ ಮೌಲಾನಾ ಅವರನ್ನೂ ಸೇರಿಸಿದೆವು. ಆಂಧ್ರದ ಮುಸಲ್ಮಾನ, ಶ್ರೀರಂಗದಲ್ಲಿ ಮನೆ ಮಾಡಿದರು, ರಂಗನಾಥನ ಸನ್ನಿಧಿಯಲ್ಲಿ ನಾಗಸ್ವರ ನುಡಿಸಿದರು ಎಂದೆವು. ಚಪ್ಪಾಳೆ ಬಿತ್ತು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು.

ಕಾರಿನ ಹತ್ತಿರ ಒಬ್ಬ ಹುಡುಗ ಕಾದಿದ್ದ. ಅವನ ತಂದೆ ಮದುವೆ ಮನೆಗಳಲ್ಲಿ ವಾಲಗ ಊದುವವರಂತೆ. "ಸರ್, ಮೌಲಾನಾ ಯಾರ ಹತ್ರ ಕಲಿತಿದ್ದು? ಯಾವ ರಾಗ ಚೆನ್ನಾಗಿ ನುಡಿಸ್ತಿದ್ರು?" ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನಾವು ಅವರ ನಾಗಸ್ವರವನ್ನು ಐದು ನಿಮಿಷವೂ ಕೇಳಿರಲಿಲ್ಲ. ಏನೋ ಒಂದು ಹೇಳಿ ಕಾರು ಹತ್ತಿದೆವು. ಹುಡುಗ ಬುದ್ಧಿವಂತ, ಮತ್ತೆ ಕೇಳಲಿಲ್ಲ.

ಆ ಮೇಲೆ ನಾವು ಮಾಡಿದ ಕೆಲಸವೆಂದರೆ ಮೌಲಾನಾ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದು. ಓದುತ್ತ ಹೋದಂತೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬರೆದವರಲ್ಲಿ ಹೆಚ್ಚಿನವರು ನಮ್ಮಂಥವರೇ. ಮೊದಲ ಸಾಲಿನಲ್ಲಿ ಮುಸ್ಲಿಂ, ಎರಡನೆಯ ಸಾಲಿನಲ್ಲಿ ದೇವಸ್ಥಾನ, ಮೂರನೆಯ ಸಾಲಿನಲ್ಲಿ ಪ್ರಶಸ್ತಿ. ಮುಗಿಯಿತು. ಅವರು ಒಂದು ಸಂಗೀತ ಶಾಲೆ ಕಟ್ಟಿದರು ಎಂಬ ಮಾತು ಬಂದರೂ ಕೊನೆಯಲ್ಲಿ, ಅರ್ಧ ವಾಕ್ಯದಲ್ಲಿ. ಆ ಶಾಲೆಯಲ್ಲಿ ಕಲಿಸಿದವರು ಎಲ್ಲಿಂದ ಬಂದವರು, ಅವರ ಬೆರಳಿಗೆ, ಉಸಿರಿಗೆ ಆ ವಿದ್ಯೆ ಯಾರಿಂದ ಬಂತು ಎಂದು ಕೇಳಿದವರು ಕಡಿಮೆ. ಹುಡುಗ ಕೇಳಿದ್ದು ಅದನ್ನೇ.

ಈಗ ಉತ್ತರ ಹೇಳುವ ಪ್ರಯತ್ನ ಮಾಡುತ್ತೇವೆ. ತಡವಾಗಿದೆ, ಗೊತ್ತು.

ಚಿನ್ನ ಮೌಲಾನಾ ಹುಟ್ಟಿದ್ದು 1924ರಲ್ಲಿ, ಒಂಗೋಲು ಹತ್ತಿರದ ಕರವದಿ ಎಂಬ ಊರಿನಲ್ಲಿ. ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಮೌಲಾನಾ ಎಂಬುದು ಅವರ ಹೆಸರು, ಪದವಿಯಲ್ಲ. ನಮ್ಮ ಗೆಳೆಯರೊಬ್ಬರು ಅವರನ್ನು ನಾಗಸ್ವರ ಊದುವ ಮೌಲವಿ ಎಂದೇ ಬಹಳ ದಿನ ತಿಳಿದಿದ್ದರು. ಯಾವ ಮದ್ರಸಾದಲ್ಲಿ ಓದಿದವರು ಎಂದು ನಮ್ಮನ್ನೇ ವಿಚಾರಿಸಿದ್ದರು. ಅವರದು ನಾಗಸ್ವರದ ಮನೆತನ. ಮೊದಲ ಪಾಠ ತಂದೆ ಕಾಸಿಂ ಸಾಹೇಬರಿಂದ. ಬಳಿಕ ಚಿಲಕಲೂರಿಪೇಟೆಯ ಶೇಖ್ ಆದಂ ಸಾಹೇಬರ ಬಳಿ. ಅಂದರೆ ತಂದೆ ಮುಸಲ್ಮಾನ, ಉಸ್ತಾದರೂ ಮುಸಲ್ಮಾನ. ತಮಿಳುನಾಡಿಗೆ ಹೋಗುವ ಮೊದಲೇ ಅವರ ಕೈಯಲ್ಲಿದ್ದ ನಾಗಸ್ವರಕ್ಕೆ ತೆಲುಗು ಮುಸಲ್ಮಾನರ ತಲೆಮಾರುಗಳ ಉಸಿರು ತಾಕಿತ್ತು. ಹಿಂದೂಗಳ ವಾದ್ಯವನ್ನು ಒಬ್ಬ ಮುಸಲ್ಮಾನ ಎತ್ತಿಕೊಂಡ ಎಂಬ ಕತೆ ಇಲ್ಲಿಗೇ ಬಿದ್ದುಹೋಗುತ್ತದೆ. ಅವರು ಎತ್ತಿಕೊಂಡಿದ್ದು ಅಪ್ಪನ ವಾದ್ಯವನ್ನು.

ಗುಂಟೂರು, ಪ್ರಕಾಶಂ ಜಿಲ್ಲೆಗಳ ಕಡೆ ಇಂಥ ಮನೆತನಗಳು ಒಂದೆರಡಲ್ಲ. ಇವರಲ್ಲಿ ಅನೇಕರು ದೂದೇಕುಲ ಅಥವಾ ನೂರ್‌ಬಾಷಾ ಎಂದು ಕರೆಯುವ ಸಮುದಾಯದವರು. ಹತ್ತಿ ಹಿಂಜುವುದು ಮೂಲ ಕಸುಬು, ಮನೆಮಾತು ತೆಲುಗು. ನಮ್ಮಲ್ಲಿ ಪಿಂಜಾರರು, ನದಾಫರು ಎನ್ನುತ್ತೇವಲ್ಲ, ಅವರೇ. ನಮ್ಮ ಪಿಂಜಾರರ ಮನೆಗಳಲ್ಲಿ ಕನ್ನಡ, ಅವರ ಮನೆಗಳಲ್ಲಿ ತೆಲುಗು. ಈ ಮಾತು ಬಂದಾಗ ನಾವು ಸ್ವಲ್ಪ ನಿಲ್ಲಬೇಕಾಗುತ್ತದೆ. ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿದವರು. ನಮ್ಮ ಮೊಹಲ್ಲಾದಲ್ಲಿ ಪಿಂಜಾರರ ಹುಡುಗರು ಉರ್ದು ಮಾತಾಡಲು ಹೋಗಿ ತಡವರಿಸಿದರೆ ನಾವು ನಗುತ್ತಿದ್ದೆವು. ಅವರ ಮನೆಗೆ ಹೆಣ್ಣು ಕೊಡುವ ಮಾತು ಬಂದರೆ ದೊಡ್ಡವರು ವಿಷಯ ಬದಲಿಸುತ್ತಿದ್ದರು. ಅದೇ ನಾವು ವೇದಿಕೆ ಹತ್ತಿ, ಅಂಥ ಮನೆಗಳೇ ಉಳಿಸಿಕೊಂಡು ಬಂದ ವಿದ್ಯೆಯನ್ನು "ನಮ್ಮ ಸಮುದಾಯದ ಕೊಡುಗೆ" ಎಂದು ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತೇವೆ. ಊದಿದವರು ಅವರು, ಶಾಲು ಹೊದ್ದವರು ನಾವು.

ಇರಲಿ. ಮೌಲಾನಾ ಕತೆಯ ನಿಜವಾದ ತಿರುವು ಇದಾದ ಮೇಲೆ ಬರುತ್ತದೆ.

ಅಂದು ನಾಗಸ್ವರವೆಂದರೆ ತಿರುವಾವಡುದುರೈ ರಾಜರತ್ನಂ ಪಿಳ್ಳೈ. 1898ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಈ ಮನುಷ್ಯ ವಾದ್ಯವನ್ನೂ ವಾದ್ಯಗಾರನ ಸ್ಥಾನವನ್ನೂ ಒಟ್ಟಿಗೇ ಬದಲಿಸಿದವರು. ಮೆರವಣಿಗೆಯ ಮುಂದೆ ನಿಂತು, ನಡೆದು ಊದಬೇಕಾದವನು, ಎಲ್ಲರ ಮುಂದೆ ಮೈ ಬಗ್ಗಿಸಬೇಕಾದವನು ಎಂಬಂತಿದ್ದ ಕಲಾವಿದ, ಹಾಡುಗಾರನ ಹಾಗೆ ವೇದಿಕೆ ಮೇಲೆ ಕುಳಿತು ನುಡಿಸುತ್ತೇನೆ ಎಂದು ಹಠ ಹಿಡಿದರು. ಅವರಿಗಾಗಿಯೇ ನರಸಿಂಗಂಪೇಟೆಯ ರಂಗನಾಥನ್ ಆಚಾರಿ ಉದ್ದನೆಯ, ತಗ್ಗಿದ ಶ್ರುತಿಯ ಬಾರಿ ನಾಗಸ್ವರವನ್ನು ತಿದ್ದಿ ಕೊಟ್ಟರು. ಹಳೆಯ ತಿಮಿರಿ ನಾಗಸ್ವರ ಗಿಡ್ಡ, ಶ್ರುತಿ ಎತ್ತರ. ಬೀದಿಗೆ ಚೆನ್ನ, ಸಭಾಂಗಣಕ್ಕೆ ಕಿವಿಗಡಚಿಕ್ಕು. ಬಾರಿ ಬಂದ ಮೇಲೆ ನಾಗಸ್ವರ ಪಿಸುಗುಟ್ಟುವುದನ್ನೂ ಕಲಿಯಿತು. ರಾಜರತ್ನಂ ಅವರ ತೋಡಿ ದಕ್ಷಿಣದಲ್ಲೆಲ್ಲ ಮನೆಮಾತಾಯಿತು.

ಆ ನಾದ ಮೌಲಾನಾ ಅವರನ್ನು ಹಿಡಿದುಕೊಂಡಿತು. ಅಪ್ಪನಿಂದ, ಆದಂ ಸಾಹೇಬರಿಂದ ಕಲಿತದ್ದು ಊರಲ್ಲಿ ಬದುಕಲು ಸಾಕಿತ್ತು. ಆದರೂ ಅವರು ತಮಿಳುನಾಡಿಗೆ ಹೊರಟರು. ತಂಜಾವೂರು ಸೀಮೆಯ ನಾಚ್ಚಿಯಾರ್‌ಕೋಯಿಲ್‌ನಲ್ಲಿ ರಾಜಂ ಮತ್ತು ದುರೈಕಣ್ಣು ಎಂಬ ಸಹೋದರರ ಬಳಿ ಶಿಷ್ಯರಾಗಿ ಕುಳಿತರು. ಇದರ ಕಷ್ಟ ಏನೆಂದು ವಾದ್ಯ ಹಿಡಿದವರಿಗೇ ಗೊತ್ತು. ಒಮ್ಮೆ ಬಾಯಿಗೆ ಕೂತ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಕಥೆ ಬರೆಯುವ ನಮಗೂ ಇದರ ಅನುಭವವಿದೆ. ಉರ್ದುವಿನಲ್ಲಿ ವಾಕ್ಯ ಕಟ್ಟಿ ಬೆಳೆದ ಮನಸ್ಸು ಕನ್ನಡದಲ್ಲಿ ಬರೆಯಲು ಕೂತಾಗ ಮೊದಲ ಕೆಲವು ವರ್ಷ ನಮ್ಮ ಕಥೆಗಳ ಪಾತ್ರಗಳೆಲ್ಲ ಮುಶಾಯಿರಾದಲ್ಲಿ ನಿಂತವರಂತೆ ಮಾತಾಡುತ್ತಿದ್ದವು.

ಭಾಷೆ, ಊಟ, ಊರು, ಬಾನಿ ಎಲ್ಲವೂ ಬೇರೆ. ತಂಜಾವೂರಿನ ನಾಗಸ್ವರ ಹೆಚ್ಚಾಗಿ ಇಸೈ ವೆಳ್ಳಾಲ ಮನೆತನಗಳ ಕೈಯಲ್ಲಿದ್ದ ವಿದ್ಯೆ, ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುವಂಥದ್ದು. ಅಂಥ ಕಡೆ ತೆಲುಗು ಮಾತಾಡುವ ಸಾಬಿಯೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರಲ್ಲ, ಆ ಸಹೋದರರ ಹೆಸರನ್ನು ಯಾವ ಸೌಹಾರ್ದ ಭಾಷಣದಲ್ಲೂ ನಾವು ಕೇಳಿಲ್ಲ. ಕೊಡುವವನು ಯಾವಾಗಲೂ ಮುಸಲ್ಮಾನ ಕಲಾವಿದ, ಸ್ವೀಕರಿಸುವುದು ಹಿಂದೂ ದೇವಸ್ಥಾನ ಎಂದೇ ನಮ್ಮ ಕತೆ. ಇಲ್ಲಿ ಕೊಟ್ಟವರು ಅವರು, ಕೈಯೊಡ್ಡಿದವರು ಮೌಲಾನಾ.

ಏನು ಕೊಟ್ಟರು ಎಂದು ತಿಳಿಯಬೇಕಾದರೆ ವಾದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಗಸ್ವರದ ಮರ ಆಚಾ. ನಮ್ಮ ಕಡೆ ಕಮರ ಎನ್ನುವುದು ಅದನ್ನೇ. ಹಳೆಯ ಮನೆ ಕೆಡವಿದಾಗ ಸಿಗುವ, ವರ್ಷಗಟ್ಟಲೆ ಒಣಗಿ ಗಟ್ಟಿಯಾದ ತೊಲೆಯೇ ಶ್ರೇಷ್ಠ. ನರಸಿಂಗಂಪೇಟೆಯಲ್ಲಿ ಅದನ್ನು ಕೊರೆದು ಮಾಡುತ್ತಾರೆ. ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಊದುವ ತುದಿಗೆ ಸಿಕ್ಕಿಸುವುದು ಸೀವಾಳಿ, ಜೊಂಡಿನಿಂದ ಮಾಡಿದ ಪುಟ್ಟ ನಾಲಗೆ. ಬೆರಳಿಗೆ ಏಳು ರಂಧ್ರ. ಸ್ಯಾಕ್ಸೊಫೋನಿನಂತೆ ಕೀಲಿಗಳಿಲ್ಲ. ಹಾರ್ಮೋನಿಯಂನಂತೆ ಒತ್ತಿದರೆ ಸ್ವರ ಹುಟ್ಟುವುದಿಲ್ಲ. ಅದೇ ರಂಧ್ರ, ಅದೇ ಬೆರಳು. ತುಟಿ ತುಸು ಬಿಗಿದರೆ ಒಂದು ಸ್ವರ, ಸಡಿಲಿಸಿದರೆ ಇನ್ನೊಂದು, ಉಸಿರು ಹೆಚ್ಚಾದರೆ ಮತ್ತೊಂದು. ಹೀಗಾಗಿ ಗುರು ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟರೆ ಪಾಠ ಮುಗಿಯುವುದಿಲ್ಲ. ಸ್ವರ ಮೊದಲು ಕಿವಿಯಲ್ಲಿರಬೇಕು, ಗಂಟಲಲ್ಲಿರಬೇಕು. ನಾಗಸ್ವರದ ಒಳ್ಳೆಯ ಗುರುಗಳು ಶಿಷ್ಯನನ್ನು ಮೊದಲು ಹಾಡಿಸುವುದು ಅದಕ್ಕೇ. ಹಾಡಲು ಬಾರದವನು ಊದಿದರೆ ಅದು ಸದ್ದು.

ಇನ್ನೊಂದು ಪಾಠವಿದೆ, ಪುಸ್ತಕದಲ್ಲಿ ಸಿಗದ್ದು. ದೇವರ ಉತ್ಸವ ಹೊರಡುವಾಗ ಮಲ್ಲಾರಿ ನುಡಿಸಬೇಕು, ಗಂಭೀರನಾಟ ರಾಗದಲ್ಲಿ. ಮಲ್ಲಾರಿಗೆ ಸಾಹಿತ್ಯವಿಲ್ಲ, ಬರೀ ಜತಿ. ಬೆಳಗಿನ ಜಾವಕ್ಕೆ ಭೂಪಾಳ, ಬೌಳಿ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ನೀಲಾಂಬರಿ. ಯಾವ ಹೊತ್ತಿಗೆ ಯಾವ ರಾಗ, ಬೀದಿಯ ಯಾವ ತಿರುವಿನಲ್ಲಿ ಏನು, ಪಲ್ಲಕ್ಕಿ ಇಳಿಸಿದಾಗ ಎಷ್ಟು ಹೊತ್ತು ಆಲಾಪನೆ ಎಂಬುದೆಲ್ಲ ಒಂದು ಶಾಸ್ತ್ರ. ಇದನ್ನು ಕಲಿಯಲು ಭಕ್ತಿಯೊಂದೇ ಸಾಲದು, ವರ್ಷಗಟ್ಟಲೆ ಕಾಲು ಸವೆಸಬೇಕು. ಮೌಲಾನಾ ಅವರಿಗೆ ರಂಗನಾಥನ ಮೇಲೆ ಭಕ್ತಿ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಅವರ ನಂಬಿಕೆಯ ಲೆಕ್ಕ ಕೇಳುವುದು ನಮ್ಮ ಕೆಲಸವಲ್ಲ; ನಮ್ಮ ಮೌಲವಿಗಳೂ ಅದನ್ನು ಅಲ್ಲಾಹನಿಗೆ ಬಿಟ್ಟರೆ ಒಳ್ಳೆಯದು. ಆದರೆ ಭಕ್ತಿಯ ಮಾತನ್ನೇ ಎತ್ತಿ ಎತ್ತಿ ಆಡುವವರು ಅವರ ತಾಲೀಮನ್ನು ಮರೆಸುತ್ತಾರೆ.

ಆಮೇಲೆ ಶ್ರೀರಂಗ. 1960ರ ದಶಕದಲ್ಲಿ ಅಲ್ಲಿ ನೆಲೆಸಿದ ಮೌಲಾನಾ ಕಟ್ಟಿದ ಶಾಲೆಯ ಹೆಸರು ಶಾರದಾ ನಾದಸ್ವರ ಸಂಗೀತ ಆಶ್ರಮ. ಹೆಸರು ಓದಿ ನಮಗೆ ಕೂಡಲೇ ನೆನಪಾದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನ್. ಅವರು 1913ರಲ್ಲಿ ಪುಣೆಯಲ್ಲಿ ತೆರೆದ ಶಾಲೆಯ ಹೆಸರು ಆರ್ಯ ಸಂಗೀತ ವಿದ್ಯಾಲಯ. ಕುಂದಗೋಳದ ಸವಾಯಿ ಗಂಧರ್ವರು ಆ ಖಾನ್ ಸಾಹೇಬರ ಶಿಷ್ಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಕನ್ನಡನಾಡಿನ ಸಂಗೀತದ ಅರ್ಧ ವಂಶವೃಕ್ಷ ಒಬ್ಬ ಮುಸಲ್ಮಾನ ಮೇಷ್ಟರ ಶಾಲೆಯಿಂದ ಬಂದಿದೆ. ಬಿಸ್ಮಿಲ್ಲಾ ಖಾನರ ದಾರಿ ಬೇರೆ. ಸೋದರಮಾವ ಅಲೀ ಬಕ್ಷರಿಂದ ಬನಾರಸಿನಲ್ಲಿ ಕಲಿತ ಅವರು ನುಡಿಸುವುದರಲ್ಲೇ ಮುಳುಗಿದವರು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರ್ ಅವರ ಕೈಯಲ್ಲಿದ್ದ ಶಹನಾಯಿಗೆ ನಾದ ತುಂಬಿದವರು ಅವರೇ ಎಂಬುದು ಕನ್ನಡಿಗರೆಲ್ಲರಿಗೂ ಗೊತ್ತು. ನಾವು ಅವರನ್ನು ಕೇಳಿ ಬೆಳೆದವರು. ಆದರೆ ಅವರಂತೆ ನುಡಿಸಲು ಎಲ್ಲಿ ಕಲಿಯಬೇಕು ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಬಾಗಿಲಿಲ್ಲ. ಮೌಲಾನಾ ಆ ಬಾಗಿಲು ಇಟ್ಟರು.

ಶ್ರೀರಂಗದ ದೇವಸ್ಥಾನದಲ್ಲಿ ತುಲುಕ್ಕ ನಾಚ್ಚಿಯಾರ್ ಎಂಬ ಸನ್ನಿಧಿ ಇದೆ. ದೇವರನ್ನು ಪ್ರೀತಿಸಿ ಬಂದ ಮುಸಲ್ಮಾನ ಹೆಣ್ಣುಮಗಳೆಂದು ಐತಿಹ್ಯ. ನಮ್ಮ ಮೇಲುಕೋಟೆಯ ಬೀಬಿ ನಾಚ್ಚಿಯಾರ್ ಕತೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೌಲಾನಾ ಬಗ್ಗೆ ಬರೆಯುವವರು ಈ ನಾಚ್ಚಿಯಾರ್ ಜೊತೆ ಅವರನ್ನು ಜೋಡಿಸಿ ಸುಂದರವಾದ ಒಂದು ಪ್ಯಾರಾ ಬರೆಯಬಹುದು. ನಮಗೂ ಆಸೆಯಾಯಿತು. ಬರೆದು ಹೊಡೆದುಹಾಕಿದೆವು. ಐತಿಹ್ಯದ ಹೆಣ್ಣುಮಗಳು ದೇವರಲ್ಲಿ ಲೀನವಾದಳು. ಮೌಲಾನಾ ಲೀನವಾಗಲಿಲ್ಲ, ಶಾಲೆ ನಡೆಸಿದರು.

ಆ ಶಾಲೆಯಲ್ಲಿ ಕಲಿಸುವ ಮೇಷ್ಟರ ಹಿನ್ನೆಲೆಯನ್ನು ಹೀಗೆ ಬಿಡಿಸಿದರೆ ಅದರಲ್ಲಿ ಎರಡು ಎಳೆ ಕಾಣುತ್ತದೆ. ಕರವದಿ, ಚಿಲಕಲೂರಿಪೇಟೆಯ ಎಳೆ ಒಂದು, ನಾಚ್ಚಿಯಾರ್‌ಕೋಯಿಲ್‌ನ ಎಳೆ ಇನ್ನೊಂದು. ಮೊಮ್ಮಕ್ಕಳಾದ ಕಾಸಿಂ ಮತ್ತು ಬಾಬು ತಾತನ ಬಳಿಯೇ ಕಲಿತು ಜೋಡಿಯಾಗಿ ನುಡಿಸುವ ವಿದ್ವಾಂಸರಾದರು. ಆಂಧ್ರದ ನಾಗಸ್ವರ ಮನೆತನಗಳಿಂದ ಬಂದ ಶೇಖ್ ಮಹಬೂಬ್ ಸುಭಾನಿ ಮತ್ತು ಅವರ ಪತ್ನಿ ಕಲೀಶಾಬಿ ಕೂಡ ಮೌಲಾನಾ ಶಿಷ್ಯರು. ಆ ದಂಪತಿಗೆ 2020ರಲ್ಲಿ ಪದ್ಮಶ್ರೀ ಬಂತು. ಕಲೀಶಾಬಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಗಸ್ವರ ಗಂಡಸರ ವಾದ್ಯ, ಹೆಣ್ಣಿನ ಎದೆಗೆ ಆ ದಮ್ಮಿಲ್ಲ ಎಂಬ ಮಾತು ಬಹಳ ಹಳೆಯದು. ಮಧುರೈಯ ಪೊನ್ನುತ್ತಾಯಿ ಅದನ್ನು ಮೊದಲೇ ಸುಳ್ಳು ಮಾಡಿ ತೋರಿಸಿದ್ದರು. ಆದರೂ ತಲೆಗೆ ಸೆರಗು ಹೊದೆಯುವ ನಮ್ಮ ಮನೆಗಳಿಂದ ಒಬ್ಬ ಹೆಣ್ಣುಮಗಳು ಗಂಡನ ಪಕ್ಕ ಕೂತು ಸರಿಸಮವಾಗಿ ಊದುವುದನ್ನು ಕಂಡಾಗ, ಮುಸ್ಲಿಂ ಮಹಿಳೆಯ ಬಗ್ಗೆ ಎರಡೂ ಕಡೆಯವರು ಬರೆದಿಟ್ಟ ಎಷ್ಟೋ ಪುಟಗಳು ದಂಡವೆನಿಸಿತು.

ಹಿನ್ನೆಲೆ ಎಂಬುದು ವಾದ್ಯವನ್ನೂ ಮೀರಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ಕದ್ರಿ ಗೋಪಾಲನಾಥರು ಸಾಕ್ಷಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮಗ ಅದರ ಹಿಂದೆ ಬಿದ್ದರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಿಂದ, ಮುಂದೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಂದ ಕಲಿತರು. ಕೀಲಿಗಳ ಆ ವಾದ್ಯದಲ್ಲಿ ಗಮಕ ಹುಟ್ಟಿಸಬಹುದೆಂಬ ಛಲ ಎಲ್ಲಿಂದ ಬಂತು? ಮನೆಯಲ್ಲಿ ಮಗುವಾಗಿದ್ದಾಗಲೇ ಕಿವಿಗೆ ಬಿದ್ದ ನಾಗಸ್ವರದಿಂದ ಎಂದು ನಮ್ಮ ಊಹೆ. 2019ರಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳು ಎಷ್ಟು ಬೇರೆಯಾಗಿದ್ದವು ನೋಡಿ. ಗುರುಗಳ ಹೆಸರು, ರಾಗಗಳ ಹೆಸರು, ವಾದ್ಯವನ್ನು ಪಳಗಿಸಿದ ಬಗೆ. ಕಲಾವಿದನೊಬ್ಬನ ಬಗ್ಗೆ ಬರೆಯಬೇಕಾದದ್ದು ಹಾಗೆ. ಮೌಲಾನಾ 1999ರಲ್ಲಿ ತೀರಿಕೊಂಡರು, ಅದಕ್ಕೆ ಮುಂಚಿನ ವರ್ಷ, 1998ರಲ್ಲಿ, ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತ್ತು. ಅದು ಸೌಹಾರ್ದಕ್ಕೆ ಕೊಡುವ ಬಿರುದಲ್ಲ. ತಮಿಳು ವಿದ್ವಾಂಸರು ಅವರನ್ನು ಕಿವಿಯಿಂದ ಅಳೆದರು. ನಾವು, ಅವರ ಧರ್ಮಬಾಂಧವರು, ಹೆಸರಿನಿಂದ ಅಳೆದೆವು.

ಇಷ್ಟು ಹೇಳಿದ ಮೇಲೆ ಕಹಿ ಮಾತೊಂದು ಉಳಿಯುತ್ತದೆ. ಈ ಮೇಷ್ಟರನ್ನು ಹೊಗಳುವ ನಾಡಿನಲ್ಲಿ ಅವರಂಥವರಿಗೆ ಸಂಬಳದ ಕೆಲಸ ಎಲ್ಲಿದೆ? ನಾಗಸ್ವರಕ್ಕೆ ಅನ್ನ ಇರುವುದು ದೇವಸ್ಥಾನದಲ್ಲಿ ಮತ್ತು ಮದುವೆ ಮನೆಯಲ್ಲಿ. ತಿರುಮಲ ತಿರುಪತಿ ದೇವಸ್ಥಾನದ ನೇಮಕಾತಿ ನಿಯಮ ಹಿಂದೂ ಧರ್ಮ ಪಾಲಿಸುವವರನ್ನೇ ಕೇಳುತ್ತದೆ. ತಮಿಳುನಾಡಿನ 1959ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯೂ ತನ್ನ ಅಧಿಕಾರಿ, ನೌಕರರು ಹಿಂದೂಗಳಾಗಿರಬೇಕು ಎನ್ನುತ್ತದೆ. ದೇವಸ್ಥಾನಗಳು ತಮ್ಮ ನಿಯಮ ತಾವು ಮಾಡಿಕೊಳ್ಳಲಿ, ಅದರ ಸರಿತಪ್ಪಿನ ವಾದಕ್ಕೆ ನಾವು ಇಳಿಯುವುದಿಲ್ಲ. ನಮ್ಮ ವಕ್ಫ್ ಸಂಸ್ಥೆಗಳ ಬಾಗಿಲು ಎಷ್ಟು ಅಗಲವಿದೆ ಎಂದು ಯಾರಾದರೂ ತಿರುಗಿ ಕೇಳಿದರೆ ನಾವೂ ತಲೆ ಕೆರೆದುಕೊಳ್ಳಬೇಕಾದೀತು. ಆದರೆ ಅತಿಥಿಯಾಗಿ ಕರೆದು ಶಾಲು ಹೊದಿಸುವುದಕ್ಕೂ ತಿಂಗಳ ಸಂಬಳಕ್ಕೆ ಸಹಿ ಹಾಕುವುದಕ್ಕೂ ಇರುವ ದೂರ ಇದು. ಇನ್ನು ನಮ್ಮ ಊರ ದೇವಸ್ಥಾನಗಳ ಪಾಡು ನೋಡಿ. ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಮೂರನ್ನೂ ಬಾರಿಸುವ ಯಂತ್ರ ಬಂದಿದೆ. ಅದಕ್ಕೆ ಧರ್ಮವೂ ಇಲ್ಲ, ಜಾತಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಹಿಂದೂ ವಾಲಗದವನ ಅನ್ನವನ್ನೂ ಅದು ಕಿತ್ತುಕೊಂಡಿದೆ. ಮೌಲಾನಾ ಸ್ವಂತ ಆಶ್ರಮ ಕಟ್ಟಿದ್ದು ಎಷ್ಟು ದೂರದ ಯೋಚನೆಯಾಗಿತ್ತು ಎಂದು ಈಗ ತಿಳಿಯುತ್ತದೆ. ಜೊತೆಗೆ ಅದರ ಮಿತಿಯೂ ಕಾಣುತ್ತದೆ: ಒಂದು ಕುಟುಂಬದ ಹೆಗಲ ಮೇಲೆ ನಿಂತ ಶಾಲೆ ಆ ಹೆಗಲಿಗೆ ತ್ರಾಣವಿರುವ ತನಕ.

ಹುಡುಗನ ಎರಡನೆಯ ಪ್ರಶ್ನೆ ಉಳಿದಿತ್ತು. ಯಾವ ರಾಗ? ನಾವು ಶಾಸ್ತ್ರ ಬಲ್ಲವರಲ್ಲ. ಒಂದು ರಾತ್ರಿ ಇಶಾ ನಮಾಜ್ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ, ಮೌಲಾನಾ ಅವರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿದೆವು. ತೋಡಿ. ಮೊದಲ ಸಲ ಏನೂ ತಿಳಿಯಲಿಲ್ಲ, ಮದುವೆ ಮನೆ ನೆನಪಾಯಿತು. ಎರಡನೆಯ ದಿನ ಮತ್ತೆ ಕೇಳಿದೆವು. ನಾಲ್ಕೈದು ದಿನ ಕಳೆದ ಮೇಲೆ ಒಂದು ಕಡೆ ಕಿವಿ ನಿಂತಿತು. ಗಾಂಧಾರದ ಬಳಿ ಬಂದು ಅವರು ಮುಂದೆ ಹೋಗುವುದಿಲ್ಲ. ಆ ಸ್ವರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ, ತೊಟ್ಟಿಲಂತೆ ತೂಗುತ್ತದೆ. ಮೇಲೆ ಹೋಗಲು ನೋಡುತ್ತದೆ, ಮರಳುತ್ತದೆ. ಉಸಿರು ಮುಗಿಯಿತು ಅನ್ನುವಾಗ ಎಲ್ಲಿಂದಲೋ ಇನ್ನಷ್ಟು ಬರುತ್ತದೆ. ನಡುವೆ ಡೋಲು ಸುಮ್ಮನಿದೆ, ಕಾಯುತ್ತಿದೆ. ಶ್ರೀರಂಗ, ಕರವದಿ, ಮುಸಲ್ಮಾನ, ರಂಗನಾಥ ಯಾವುದೂ ಆಗ ನಮ್ಮ ತಲೆಯಲ್ಲಿರಲಿಲ್ಲ. ಪಕ್ಕದ ಕೋಣೆಯಿಂದ ಮಗಳು ಎದ್ದು ಬಂದು, "ಅಬ್ಬಾ, ಯಾರ್ ಅಳ್ತಿರೋದು?" ಎಂದಳು.

ಕಳೆದ ಮಾಘದಲ್ಲಿ ಗೆಳೆಯರೊಬ್ಬರ ಮಗಳ ಮದುವೆಗೆ ಹೋಗಿದ್ದೆವು. ಛತ್ರದ ಮೂಲೆಯಲ್ಲಿ ವಾಲಗದವರ ನಡುವೆ ಕೂತಿದ್ದವನನ್ನು ಎಲ್ಲೋ ನೋಡಿದಂತಾಯಿತು. ಕಾಲೇಜಿನ ಅದೇ ಹುಡುಗ, ಈಗ ಮೀಸೆ ಬಂದಿದೆ. ಗಟ್ಟಿಮೇಳ ಮುಗಿದು, ಜನ ಊಟಕ್ಕೆ ಎದ್ದ ಮೇಲೆ ಹತ್ತಿರ ಹೋದೆವು. ಅವನೇ ಗುರುತು ಹಿಡಿದ. ನಾಚ್ಚಿಯಾರ್‌ಕೋಯಿಲ್‌ನ ರಾಜಂ, ದುರೈಕಣ್ಣು, ಚಿಲಕಲೂರಿಪೇಟೆಯ ಆದಂ ಸಾಹೇಬರು ಎಂದು ನಾವು ಪರೀಕ್ಷೆಗೆ ಬಂದವರಂತೆ ಒಪ್ಪಿಸಿದೆವು. ಅವನು ನಕ್ಕ. "ಗೊತ್ತಾಯ್ತು ಸರ್, ಆಮೇಲೆ ನಾನೇ ಹುಡುಕ್ದೆ" ಎಂದ. ಕೈಯಲ್ಲಿದ್ದ ನಾಗಸ್ವರ ಯಾರದು ಎಂದು ಕೇಳಿದೆವು.

"ಅಪ್ಪಂದು ಸರ್. ಸೀವಾಳಿ ಮಾತ್ರ ತಂಜಾವೂರಿಂದ ತರಿಸ್ದೆ."

ಅಷ್ಟರಲ್ಲಿ ಹುಡುಗಿಯ ಕಡೆಯವರು ಯಾರೋ ಬಂದು, ಧಾರೆ ಮುಗಿಯಿತಲ್ಲ, ಇನ್ನು ಸಿನಿಮಾ ಹಾಡು ಬಾರಿಸಿ ಎಂದರು. ಅವನು ಸೀವಾಳಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡ.